ಎರಡು ಮರದ ಸೇತುವೆ, ಒಂದು ಬಸ್ಸು, ಮೂವತ್ತೆಂಟು ಜನ

ಸ್ವಿಟ್ಜರ್ಲೆಂಡಿನ ಲುಸರ್ನ್ ಊರಿನಲ್ಲಿ ಹಳೆಯ ಮರದ ಸೇತುವೆ ಎರಡಿವೆ. ಎರಡೂ ರಾಯ್ಸ್ ನದಿಯ ಮೇಲೆ, ಎರಡಕ್ಕೂ ಮನೆಯ ಹಾಗೆ ಚಾವಣಿ, ಎರಡರ ಒಳಗೂ ತೊಲೆಗಳ ನಡುವೆ ತ್ರಿಕೋನದ ಹಳೇ ಚಿತ್ರಗಳು. ಇಷ್ಟು ನನಗೆ ಮೊದಲೇ ಗೊತ್ತಿದ್ದಿದ್ದರೆ 2024ರ ಮೇ ತಿಂಗಳ ಒಂದು ಸಂಜೆ ಮೂವತ್ತಾರು ಜನರ ಬೈಗುಳ ತಪ್ಪುತ್ತಿತ್ತು.

"ಐದೂಕಾಲಿಗೆ ಸರಿಯಾಗಿ ಮರದ ಸೇತುವೆ ಹತ್ರ ಸೇರಬೇಕು" ಅಂತ ಟೂರ್ ಮ್ಯಾನೇಜರ್ ಹುಡುಗ ಹೇಳಿದ್ದ. ನಾನು ಮತ್ತು ನನ್ನ ನಾದಿನಿ ಚಾಕೊಲೇಟ್ ಅಂಗಡಿ, ಗಡಿಯಾರದ ಅಂಗಡಿ ಅಂತ ಸುತ್ತಿಕೊಂಡು ಹಳೇ ಊರಿನ ಓಣಿಗಳಲ್ಲಿ ದಿಕ್ಕು ತಪ್ಪಿ, ಯಾರನ್ನೋ ಕೇಳಿ, ಅವರು ಕೈ ತೋರಿಸಿದ ಮರದ ಸೇತುವೆಗೆ ಹೋಗಿ ನಿಂತೆವು. ಐದು ನಿಮಿಷ ಮೊದಲೇ! ಆ ಐದು ನಿಮಿಷ ನನಗೆ ಎಂಥಾ ಹೆಮ್ಮೆ ಇತ್ತು ಅಂದರೆ, "ನೋಡು, ಇವತ್ತು ನಾವೇ ಮೊದಲು" ಅಂತ ನಾದಿನಿಗೆ ಹೇಳಿದೆ. ತಲೆ ಎತ್ತಿದರೆ ಚಿತ್ರಗಳ ತುಂಬ ಅಸ್ಥಿಪಂಜರಗಳು. ಒಂದು ಅಸ್ಥಿಪಂಜರ ಶ್ರೀಮಂತನ ಕೈ ಹಿಡಿದಿದೆ, ಇನ್ನೊಂದು ಹೆಂಗಸಿನ ಪಕ್ಕ ನಿಂತಿದೆ. ಸಾವಿನ ಕುಣಿತ ಅಂತ ಆ ಚಿತ್ರಮಾಲೆಗೆ ಹೆಸರು, ಹದಿನೇಳನೇ ಶತಮಾನದ್ದು. ಹತ್ತು ನಿಮಿಷ ಕಳೆದ ಮೇಲೆ ನಾದಿನಿ ಮೆಲ್ಲಗೆ "ಅತ್ತಿಗೆ, ಮಧ್ಯಾಹ್ನ ನೋಡಿದ ಸೇತುವೇಲಿ ಎಲುಬುಗಳು ಇರ್ಲಿಲ್ಲ" ಅಂದಳು.

ನಾವು ನಿಂತಿದ್ದು ಸ್ಪ್ರಾಯರ್ ಸೇತುವೆ. ಬಸ್ಸಿನವರು ಕಾಯುತ್ತಿದ್ದದ್ದು ನದಿಯ ಮೇಲ್ಗಡೆ, ಪಕ್ಕದಲ್ಲಿ ಎಂಟು ಮೂಲೆಯ ಕಲ್ಲಿನ ಗೋಪುರ ಇರುವ ಕಪೆಲ್ ಸೇತುವೆ ಹತ್ತಿರ. ಎಲ್ಲರೂ ಫೋಟೊ ಹಾಕುವುದು ಅದನ್ನೇ. 1993ರಲ್ಲಿ ಬೆಂಕಿ ಬಿದ್ದು ಮತ್ತೆ ಕಟ್ಟಿದ್ದು. ನನ್ನ ಫೋನಿಗೆ ರೋಮಿಂಗ್ ಪ್ಯಾಕ್ ಹಾಕಿಸಿರಲಿಲ್ಲ, "ಇಬ್ಬರಿಗೆ ಒಂದು ಸಾಕು" ಅಂತ ಲೆಕ್ಕ. ಪ್ಯಾಕ್ ಇದ್ದ ನಾದಿನಿಯ ಫೋನು ಬಸ್ಸಿನ ಸೀಟಿನಲ್ಲಿ ಚಾರ್ಜಿಗೆ ಇತ್ತು. ಕೊನೆಗೆ ಬೇಕರಿಯೊಂದರ ಹುಡುಗಿ ನಮ್ಮ ಕೊರಳಿನ ಗುರುತಿನ ಚೀಟಿ ನೋಡಿ ಟೂರ್ ಮ್ಯಾನೇಜರಿಗೆ ಫೋನ್ ಮಾಡಿದಳು. ಅಷ್ಟರಲ್ಲಿ ಬಸ್ಸು ನಿಲ್ಲುವ ಅವಧಿ ಮುಗಿದು ಎಲ್ಲೋ ಹೋಗಿತ್ತು, ಅದು ಸುತ್ತಿ ಬರಬೇಕಾಯಿತು. ಒಟ್ಟು ಐವತ್ತು ನಿಮಿಷ ತಡ. ಊಟದ ಹೋಟೆಲಿನಲ್ಲಿ ನಮ್ಮ ಸರದಿಯನ್ನು ಇನ್ನೊಂದು ಬಸ್ಸಿಗೆ ಕೊಟ್ಟಿದ್ದರು, ಅಲ್ಲಿ ಇನ್ನರ್ಧ ಗಂಟೆ.

ಕಳೆದ ವಾರ ನನ್ನ ಜೊತೆ ಬ್ಯಾಂಕಿನಲ್ಲಿದ್ದ ಗೆಳತಿಯೊಬ್ಬಳು ಯೂರೋಪಿಗೆ ದುಡ್ಡು ಕಟ್ಟಿದ್ದೀನಿ, ಏನೇನು ತಗೊಂಡು ಹೋಗಬೇಕು ಹೇಳು ಅಂತ ಫೋನ್ ಮಾಡಿದಳು. ಮುಕ್ಕಾಲು ಗಂಟೆ ಮಾತಾಡಿದ ಮೇಲೆ "ಬರೆದು ಕಳಿಸೇ" ಅಂದಳು. ಬರೆಯುತ್ತಿದ್ದೇನೆ. ನಾನು ದಾವಣಗೆರೆಯವಳು, ಮೂವತ್ತನಾಲ್ಕು ವರ್ಷ ಕೌಂಟರಿನ ಹಿಂದೆ ಕೂತವಳು. ಮನೆಯವರು ಮಂಡಿ ಆಪರೇಷನ್ ಆದವರು, "ನನ್ನ ಪಾಲಿನ ಹಿಮಾನೂ ನೀವೇ ನೋಡ್ಕೊಂಡು ಬನ್ನಿ" ಅಂದುಬಿಟ್ಟರು. ಹನ್ನೆರಡು ದಿನದ ಟೂರು: ಪ್ಯಾರಿಸ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದ ಇನ್ಸ್‌ಬ್ರುಕ್, ವೆನಿಸ್, ಫ್ಲಾರೆನ್ಸ್, ಪೀಸಾ, ರೋಮ್.

ಆ ಐವತ್ತು ನಿಮಿಷದ ಕತೆ ಅಲ್ಲಿಗೇ ಮುಗಿಯಲಿಲ್ಲ. ಗ್ರೂಪ್ ಟೂರಿನಲ್ಲಿ ಯಜಮಾನ ಟೂರ್ ಮ್ಯಾನೇಜರ್ ಅಂತ ನಾವೆಲ್ಲ ತಿಳಿದಿದ್ದೆವು. ಅಲ್ಲ. ಡ್ರೈವರ್ ಎದುರಿಗೆ ಟ್ಯಾಕೋಗ್ರಾಫ್ ಅಂತ ಒಂದು ಯಂತ್ರ ಇರುತ್ತೆ, ನಮ್ಮ ಹಳೇ ಕಾರ್ ಸ್ಟೀರಿಯೋ ಗಾತ್ರದ್ದು. ಡ್ರೈವರ್ ತನ್ನ ಕಾರ್ಡನ್ನು ಅದರೊಳಗೆ ತೂರಿಸಬೇಕು. ಗಾಡಿ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು, ಅವನು ಎಷ್ಟು ಹೊತ್ತು ಮಲಗಿದ, ಎಲ್ಲ ಅದು ಬರೆದಿಡುತ್ತೆ. ಅಲ್ಲಿನ ಕಾನೂನಿನಂತೆ ದಿನಕ್ಕೆ 9 ಗಂಟೆ ಮಾತ್ರ ಸ್ಟೇರಿಂಗ್, ವಾರದಲ್ಲಿ ಎರಡು ದಿನ 10ಕ್ಕೆ ಏರಿಸಬಹುದು. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ. ದಿನದ ಕೆಲಸ ಮುಗಿದ ಮೇಲೆ 11 ಗಂಟೆ ವಿಶ್ರಾಂತಿ. ಅದನ್ನು 9ಕ್ಕೆ ಇಳಿಸುವ ಅವಕಾಶ ವಾರದ ರಜೆ ಬರುವ ತನಕ ಮೂರೇ ಸಲ. ನಮ್ಮ ಡ್ರೈವರ್ ಪೋಲೆಂಡಿನವನು, ಆ ಮೂರನ್ನೂ ಪ್ಯಾರಿಸಿನ ತಡರಾತ್ರಿಗಳಿಗೆ ಖರ್ಚು ಮಾಡಿಬಿಟ್ಟಿದ್ದ.

ಈಗ ಲೆಕ್ಕ ಹಾಕಿ. ಆ ದಿನ ರಾತ್ರಿ ಎಂಟೂವರೆಗೆ ಹೋಟೆಲ್ ಸೇರಿ ಮರುದಿನ ಬೆಳಿಗ್ಗೆ ಏಳೂವರೆಗೆ ಹೊರಡುವುದು ಅಂತ ಇತ್ತು. ನಾವು ಹೋಟೆಲ್ ಮುಟ್ಟಿದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಹಾಗಾಗಿ ಮರುದಿನ ಒಂಬತ್ತರ ಹೊತ್ತಿಗೆ ಮೊದಲು ಬಸ್ಸು ಕದಲುವ ಹಾಗೇ ಇಲ್ಲ. ಎಲ್ಲರೂ ಏಳಕ್ಕೇ ಎದ್ದು, ತಿಂಡಿ ತಿಂದು, ಸೂಟ್‌ಕೇಸ್ ಹಿಡಿದು ನಿಂತಿದ್ದಾರೆ. ಡ್ರೈವರ್ ಬಸ್ಸಿನ ಪಕ್ಕ ಕಾಫಿ ಕುಡಿಯುತ್ತ ಗಡಿಯಾರ ನೋಡುತ್ತಿದ್ದಾನೆ. ಬಾಗಿಲು ತೆಗೆಯಲಿಲ್ಲ. ಕಳೆದುಹೋದ ಒಂದೂವರೆ ಗಂಟೆಗೆ ಬಲಿಯಾದದ್ದು ಲಿಕ್ಟೆನ್‌ಸ್ಟೈನ್. ಒಟ್ಟು 160 ಚದರ ಕಿಲೋಮೀಟರಿನ ದೇಶ. ಅದರ ರಾಜಧಾನಿ ವಾಡುಜ್‌ನಲ್ಲಿ ಒಂದು ಗಂಟೆ ನಿಲ್ಲುವುದಿತ್ತು, ನಿಲ್ಲಲಿಲ್ಲ. ರೈನ್ ನದಿಯ ಆಚೆ ಗುಡ್ಡದ ಮೇಲಿನ ಕೋಟೆ ಬಸ್ಸಿನ ಕಿಟಕಿಯಲ್ಲಿ ಕಂಡು ಮರೆಯಾಯಿತು. ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿ ಸಾಹುಕಾರರೊಬ್ಬರು ಅಲ್ಲಿ ಪಾಸ್‌ಪೋರ್ಟಿಗೆ ನೆನಪಿನ ಸೀಲು ಹಾಕಿಸಿಕೊಳ್ಳಬೇಕು ಅಂತ ಬೆಂಗಳೂರಿನಿಂದಲೇ ಹೇಳುತ್ತಾ ಬಂದಿದ್ದರು. ಅವರು ನನ್ನ ಜೊತೆ ಮತ್ತೆ ಮಾತಾಡಿದ್ದು ರೋಮ್‌ನಲ್ಲಿ.

ಆದ್ದರಿಂದ ಗೆಳತಿ, ಸೇರುವ ಜಾಗ ಹೇಳಿದಾಗ ಅದರ ಹೆಸರು ಕೇಳು, ಫೋನಿನಲ್ಲಿ ಫೋಟೊ ಹೊಡಿ, ಫೋನನ್ನು ಮೈಮೇಲೇ ಇಟ್ಟುಕೋ. "ಸೇತುವೆ", "ಚರ್ಚು", "ಕಾರಂಜಿ" ಇವು ಗುರುತುಗಳೇ ಅಲ್ಲ. ಆ ಊರುಗಳಲ್ಲಿ ಅವು ನಮ್ಮಲ್ಲಿ ಹನುಮಂತನ ಗುಡಿ ಇದ್ದ ಹಾಗೆ, ಓಣಿಗೊಂದು. ಇಬ್ಬರು ಹೋದರೂ ಇಬ್ಬರ ಫೋನಿಗೂ ಪ್ಯಾಕ್ ಹಾಕಿಸಿ. ನಾನು ಉಳಿಸಿದ ಎರಡೂವರೆ ಸಾವಿರ ರೂಪಾಯಿಗೆ ಒಂದು ದೇಶ ಹೋಯಿತು.

ದುಡ್ಡು ಕಟ್ಟುವ ಮೊದಲು ಟೂರಿನ ಕಾರ್ಯಕ್ರಮಪಟ್ಟಿಯನ್ನು ಸಾಲದ ಕಾಗದ ಓದುವ ಹಾಗೆ ಓದಬೇಕು. ನಾನು ಮೂವತ್ತನಾಲ್ಕು ವರ್ಷ ಗ್ರಾಹಕರಿಗೆ "ಸಣ್ಣ ಅಕ್ಷರ ಓದಿ ಸಹಿ ಹಾಕಿ" ಅಂದವಳು, ನನ್ನ ಟೂರಿನ ಸಣ್ಣ ಅಕ್ಷರ ಓದಲಿಲ್ಲ. ಅದರಲ್ಲಿ ಕ್ರಿಯಾಪದಗಳನ್ನು ನೋಡಿ. "ಒಳಗೆ ಪ್ರವೇಶ" ಅಂದರೆ ಟಿಕೆಟ್ ಸೇರಿದೆ. "ಫೋಟೊ ಸ್ಟಾಪ್" ಅಂದರೆ ಇಳಿದು ಹೊರಗಿನಿಂದ ನೋಡುವುದು, ಹತ್ತು ಹದಿನೈದು ನಿಮಿಷ. "ಪನೊರಮಿಕ್ ಟೂರ್" ಅಂದರೆ ಇಳಿಯುವುದೇ ಇಲ್ಲ, ಬಸ್ಸಿನ ಗಾಜಿನಿಂದ. ನಮ್ಮ ಪಟ್ಟಿಯಲ್ಲಿ ಐಫೆಲ್ ಟವರ್ ಪ್ರವೇಶ ಅಂತಲೇ ಇತ್ತು, ಸುಳ್ಳಲ್ಲ. ಆದರೆ ಆ ಟಿಕೆಟ್ ಎರಡನೇ ಅಂತಸ್ತಿನವರೆಗೆ, ಅಂದರೆ 116 ಮೀಟರು. ತುದಿಯ ಅಂತಸ್ತು 276 ಮೀಟರಿನಲ್ಲಿದೆ, ಅದಕ್ಕೆ ಬೇರೆ ಟಿಕೆಟ್. ನನ್ನನ್ನು ಕೇಳಿದರೆ ಎರಡನೆಯದೇ ಚೆಂದ, ಅಲ್ಲಿಂದ ಊರಿನ ಕಟ್ಟಡಗಳು ಗುರುತು ಸಿಗುತ್ತವೆ. ತುದಿಗೆ ಹೋಗಲೇಬೇಕು ಅಂತ ಆಸೆ ಇದ್ದವರು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಲಿ, ಅಲ್ಲಿ ಹೋಗಿ ಜಗಳ ಮಾಡಿದರೆ ಲಿಫ್ಟ್ ಮೇಲೆ ಹೋಗಲ್ಲ.

ಹೋಟೆಲ್ ಎಲ್ಲಿ ಅನ್ನುವುದನ್ನೂ ಕೇಳಿ. "ಪ್ಯಾರಿಸ್‌ನಲ್ಲಿ ಮೂರು ರಾತ್ರಿ" ಅಂತಿದ್ದರೆ ವಿಮಾನ ನಿಲ್ದಾಣದ ಪಕ್ಕದ ಹೊಲಗಳ ನಡುವೆಯೂ ಇರಬಹುದು, ನಮ್ಮದು ಹಾಗೇ ಇತ್ತು. "ವೆನಿಸ್" ಅಂದರೆ ನೀರಿನ ಮೇಲಿನ ವೆನಿಸ್ ಅಲ್ಲ, ನೆಲದ ಮೇಲಿನ ಮೆಸ್ತ್ರೆಯೋ ಪಾದುವಾ ಕಡೆಯೋ. ಇದು ಮೋಸ ಅಂತ ನಾನು ಹೇಳಲ್ಲ. ನಲವತ್ತು ಜನರ ಬಸ್ಸನ್ನು ಊರೊಳಗೆ ಬಿಡುವುದೇ ಇಲ್ಲ, ಬಿಟ್ಟರೂ ಆ ರೇಟಿಗೆ ಕೋಣೆ ಸಿಗಲ್ಲ. ಆದರೆ "ಸಂಜೆ ಹೊರಗೆ ಅಡ್ಡಾಡಿ ಬರೋಣ" ಅನ್ನುವ ಕನಸು ಇಟ್ಟುಕೊಂಡು ಹೋದರೆ, ಹೋಟೆಲಿನ ಸುತ್ತ ಪೆಟ್ರೋಲ್ ಬಂಕ್ ಮತ್ತು ಹೆದ್ದಾರಿ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ, ಟೂರ್ ಕಂಪನಿಯವರೇ ಬಹಳಷ್ಟು ಮಾಡುತ್ತಾರೆ. ಷೆಂಗೆನ್ ವೀಸಾಕ್ಕೆ (ಯೂರೋಪಿನ ಬಹುಪಾಲು ದೇಶಗಳಿಗೆ ಸೇರಿ ಒಂದೇ ವೀಸಾ) ಬೆರಳಚ್ಚು ಕೊಡಲು ನಾವೇ ಬೆಂಗಳೂರಿಗೆ ಹೋಗಬೇಕು. ಒಮ್ಮೆ ಕೊಟ್ಟದ್ದನ್ನು 59 ತಿಂಗಳ ತನಕ ಮತ್ತೆ ಬಳಸುತ್ತಾರೆ. ನಾವು ಕಟ್ಟಿದಾಗ ಶುಲ್ಕ 80 ಯೂರೋ, 2024ರ ಜೂನ್‌ನಲ್ಲಿ ಅದು 90 ಆಯಿತು. ಪಾಸ್‌ಪೋರ್ಟ್ ಆ ದೇಶಗಳಿಂದ ಹೊರಬೀಳುವ ದಿನದ ನಂತರವೂ ಮೂರು ತಿಂಗಳು ಜೀವಂತ ಇರಬೇಕು, ಕೊಟ್ಟು ಹತ್ತು ವರ್ಷ ದಾಟಿರಬಾರದು. ಇಂಗ್ಲೆಂಡ್ ಸೇರಿದ್ದರೆ ಅದಕ್ಕೆ ಬೇರೆಯೇ ವೀಸಾ, ಬೇರೆ ದುಡ್ಡು, ಬೇರೆ ಕಾಯುವಿಕೆ.

ನಮ್ಮ ಕಡೆಯವರಿಗೆ ಮಾತ್ರ ಬರುವ ಒಂದು ರಗಳೆ ಇದೆ. ನಮಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ. ನಾದಿನಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಮಾಡಿದ ಹುಡುಗ ಅಲ್ಲಿ ಅವಳ ಗಂಡನ ಹೆಸರು ತುಂಬಿಬಿಟ್ಟಿದ್ದ. ಹೊರಡುವ ಒಂಬತ್ತು ದಿನ ಮೊದಲು ನಾನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಚೆಕ್ಕಿನ ಸಹಿ ತಾಳೆ ನೋಡುವ ಹಾಗೆ ಅಕ್ಷರ ಅಕ್ಷರ ನೋಡಿದ್ದಕ್ಕೆ ಸಿಕ್ಕಿತು. ಟಿಕೆಟ್, ವೀಸಾ, ವಿಮೆ ಮೂರನ್ನೂ ಕೈಗೆ ಬಂದ ದಿನವೇ ತಾಳೆ ನೋಡಿ. ಮತ್ತೆ ವಿಮೆ: ಷೆಂಗೆನ್‌ಗೆ ಕಡಿಮೆ ಅಂದರೂ 30,000 ಯೂರೋ ಮೊತ್ತದ್ದು ಕಡ್ಡಾಯ, ಟೂರಿನ ಜೊತೆಗೇ ಬರುತ್ತೆ. ಆದರೆ ಬಿಪಿ, ಶುಗರ್ ಇದ್ದವರು ಮೊದಲಿನಿಂದ ಇರುವ ಕಾಯಿಲೆಗೆ ಅದು ಏನು ಕೊಡುತ್ತೆ ಅಂತ ಒಂದು ಸಾಲು ಓದಿ. ಮಾತ್ರೆಗಳನ್ನು ಸ್ಟ್ರಿಪ್ಪಿನಲ್ಲೇ, ಚೀಟಿ ಸಮೇತ, ಕೈಚೀಲದಲ್ಲಿ ಒಯ್ಯಿರಿ.

ಇನ್ನು ದುಡ್ಡು. ಇದು ನನ್ನ ಏರಿಯಾ, ಸ್ವಲ್ಪ ತಡೆದುಕೊಳ್ಳಿ.

ತಲೆಗೆ ₹2.85 ಲಕ್ಷದ ಟೂರಿಗೆ ನಾವು ಕಟ್ಟಿದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಜಿಎಸ್‌ಟಿ 5%, ಅದರ ಮೇಲೆ ಟಿಸಿಎಸ್ (ದುಡ್ಡು ಕಟ್ಟುವಾಗಲೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಅಂತ ಇನ್ನೊಂದು 5%, ಅದೇ ಹತ್ತಿರ ಹತ್ತಿರ ₹15,000. ಆಗ ₹7 ಲಕ್ಷದವರೆಗೆ 5%, ಆಮೇಲೆ 20% ಇತ್ತು. ಇದನ್ನು ಬಜೆಟ್ಟುಗಳು ಆಗಾಗ ಬದಲಿಸುತ್ತವೆ, ನೀವು ಕಟ್ಟುವ ದಿನ ಎಷ್ಟು ಅಂತ ಕೇಳಿ. ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಟಿಸಿಎಸ್ ಹೋದರೆ ಹೋಯಿತು ಅಂದುಕೊಂಡಿದ್ದರು. ಹೋಗಲ್ಲ! ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರದ ಹತ್ತಿರ ಜಮಾ ಆಗಿರುತ್ತೆ. ಟೂರ್ ಕಂಪನಿಯಿಂದ ಟಿಸಿಎಸ್ ಕಟ್ಟಿದ ಪ್ರಮಾಣಪತ್ರ (ಆಗ ಅದು ಫಾರ್ಮ್ 27ಡಿ) ಇಸಿದುಕೊಳ್ಳಿ, ನಿಮ್ಮ ಹೆಸರಿನ ತೆರಿಗೆ ಜಮಾ ಪಟ್ಟಿಯಲ್ಲಿ (ಆಗ 26ಎಎಸ್) ಬಂದಿದೆಯಾ ನೋಡಿ, ರಿಟರ್ನ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಿ. ತೆರಿಗೆ ಬರದಿದ್ದರೆ ವಾಪಸ್ ಬರುತ್ತೆ. ರಿಟರ್ನೇ ಹಾಕದ ಗೃಹಿಣಿಯರ ಪ್ಯಾನ್ ಕೊಟ್ಟಿದ್ದರೆ ಅವರ ಹೆಸರಲ್ಲೇ ಹಾಕಬೇಕು. ನಾದಿನಿಯದ್ದು ಹಾಗೇ ನಾನೇ ಕೂತು ಹಾಕಿದೆ, ದುಡ್ಡು ಬಂತು, ನನಗೆ ಒಂದು ಇಳಕಲ್ ಸೀರೆಯೂ ಬಂತು.

ಅಲ್ಲಿ ಕಾರ್ಡ್ ಉಜ್ಜುವಾಗ ಕೆಲವು ಯಂತ್ರಗಳು ಎರಡು ಮೊತ್ತ ತೋರಿಸುತ್ತವೆ, ರೂಪಾಯಿಯಲ್ಲಿ ಒಂದು, ಯೂರೋದಲ್ಲಿ ಒಂದು. ರೂಪಾಯಿ ಕಂಡ ಕೂಡಲೇ ನಮ್ಮವರ ಬೆರಳು ಪ್ರೀತಿಯಿಂದ ಅದರ ಮೇಲೇ ಹೋಗುತ್ತೆ. ಒತ್ತಬೇಡಿ. ರೂಪಾಯಿ ಒತ್ತಿದರೆ ವಿನಿಮಯದ ದರ ಹಾಕುವುದು ಅಂಗಡಿಯವನ ಯಂತ್ರದ ಕಡೆಯವರು, ತಮ್ಮ ಲಾಭ ಸೇರಿಸಿ. ನಿಮ್ಮದು ಯೂರೋ ತುಂಬಿಸಿದ ಫಾರೆಕ್ಸ್ ಕಾರ್ಡ್ ಆಗಿದ್ದರೆ ಯೂರೋ ರೂಪಾಯಿಯಾಗಿ, ರೂಪಾಯಿ ಮತ್ತೆ ಯೂರೋ ಆಗಿ, ಎರಡು ಸಲ ಸುಲಿಗೆ. ಯಾವಾಗಲೂ ಆ ಊರಿನ ನಾಣ್ಯ ಒತ್ತಿ. ಸ್ವಿಟ್ಜರ್ಲೆಂಡಿನದು ಫ್ರಾಂಕ್, ಯೂರೋ ನೋಟು ಬಹಳ ಕಡೆ ತಗೊಳ್ಳುತ್ತಾರೆ, ಚಿಲ್ಲರೆ ಮಾತ್ರ ಫ್ರಾಂಕಿನಲ್ಲೇ ಕೊಡುತ್ತಾರೆ. ಆ ಚಿಲ್ಲರೆ ನನ್ನ ಹತ್ತಿರ ಇನ್ನೂ ಇದೆ.

ಒಂದು ಯೂರೋ, ಐವತ್ತು ಸೆಂಟಿನ ನಾಣ್ಯಗಳನ್ನು ಮಾತ್ರ ಖರ್ಚು ಮಾಡದೆ ಬೇರೆ ಪರ್ಸಿನಲ್ಲಿ ಇಡಿ. ಅವು ಬಚ್ಚಲಮನೆಯ ನಾಣ್ಯಗಳು. ಫ್ರಾನ್ಸಿನ ಹೆದ್ದಾರಿಯಲ್ಲಿ ಪುಕ್ಕಟೆ. ಆಸ್ಟ್ರಿಯಾ ಕಡೆ ನಾಣ್ಯ ಹಾಕಿದರೆ ಮಾತ್ರ ಕಂಬಿ ತಿರುಗುವ ಜಾಗಗಳು ಸಿಕ್ಕವು. ವೆನಿಸ್‌ನಲ್ಲಿ ಒಂದೂವರೆ ಯೂರೋ. ಬಸ್ಸಿನೊಳಗೆ ಒಂದು ಶೌಚಾಲಯ ಇತ್ತು, ಹನ್ನೆರಡು ದಿನವೂ ಬೀಗ. ಇದಕ್ಕೆ ಹೆದರಿ ನಮ್ಮ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಹಾಸನದವರೊಬ್ಬರಿಗೆ ಫ್ಲಾರೆನ್ಸ್‌ನಲ್ಲಿ ಉರಿಮೂತ್ರ ಶುರುವಾಗಿ ಒಂದಿಡೀ ದಿನ ಹೋಟೆಲಿನಲ್ಲಿ ಮಲಗಿದ್ದರು. ನೀರು ಕುಡಿಯಿರಿ. ಬಸ್ಸು ಎಲ್ಲಿ ನಿಂತರೂ, ಬಂದಿರಲಿ ಬಿಡಲಿ, ಇಳಿದು ಹೋಗಿಬನ್ನಿ. ರೋಮ್‌ನಲ್ಲಿ ಬೀದಿಬದಿಗೆ ಎರಕದ ಕಬ್ಬಿಣದ ಗಿಡ್ಡ ನಳಗಳಿವೆ, ದಿನವಿಡೀ ತಣ್ಣನೆ ನೀರು, ಕುಡಿಯುವ ನೀರೇ. ಮೂಗಿನಂಥ ಅದರ ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ಕಾರಂಜಿಯಾಗಿ ಚಿಮ್ಮುತ್ತೆ. ನಾದಿನಿ ಅದರ ಮುಂದೆ ಹತ್ತು ನಿಮಿಷ ಆಡಿದಳು.

ಸ್ನಾನದ ಮನೆ ಅಂದರೆ ಅದೊಂದು ದೊಡ್ಡ ಅಧ್ಯಾಯ. ಬಕೆಟ್ ಇಲ್ಲ, ಮಗ್ ಇಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ನೆಲದಲ್ಲಿ ನೀರು ಹೋಗುವ ತೂತೇ ಇಲ್ಲ. ಇದನ್ನು ಯಾರೂ ಮೊದಲು ಹೇಳಲ್ಲ. ಟಬ್ಬಿನ ಪರದೆಯನ್ನು ಟಬ್ಬಿನ ಒಳಗಡೆ ಇಳಿಬಿಟ್ಟು ನೀರು ಹಾಕಿಕೊಳ್ಳಬೇಕು, ಹೊರಗಡೆ ಬಿಟ್ಟರೆ ನೀರೆಲ್ಲ ನೆಲಕ್ಕೆ, ಅಲ್ಲಿಂದ ಕೋಣೆಯ ಕಾರ್ಪೆಟ್ಟಿಗೆ. ಮೊದಲ ದಿನ ನಮ್ಮ ಗುಂಪಿನ ಮೂರು ಕೋಣೆಗಳ ಕಾರ್ಪೆಟ್ ನೆಂದಿತು, ಒಂದು ಕೋಣೆಯವರಿಗೆ ಹೋಟೆಲಿನವರು ದಂಡ ಹಾಕಿದರು. ನಾನು ಹಿಡಿ ಇಲ್ಲದ ಒಂದು ಪ್ಲಾಸ್ಟಿಕ್ ಮಗ್ ಒಯ್ದಿದ್ದೆ, ಒಳಗೆ ಕಾಲುಚೀಲ ತುರುಕಿ. ಬಸ್ಸಿನಲ್ಲಿ ಮೊದಲು ನಕ್ಕರು. ಮೂರನೇ ದಿನ ಮೈಸೂರಿನ ಪ್ರೊಫೆಸರ್ ಒಬ್ಬರು ಬಾಗಿಲು ತಟ್ಟಿ "ಮೇಡಂ, ಅದು ಒಂದೈದು ನಿಮಿಷ" ಅಂದರು.

ಚಾರ್ಜರ್ ವಿಷಯ: ನಮ್ಮ ತೆಳು ಎರಡು ಪಿನ್ನಿನದು ಅಲ್ಲಿ ಎಲ್ಲ ಕಡೆ ಕೂರುತ್ತೆ. ಮೂರು ದಪ್ಪ ಪಿನ್ನಿನ ಯಾವುದೂ ಕೂರಲ್ಲ, ಇಸ್ತ್ರಿಪೆಟ್ಟಿಗೆ ಒಯ್ದವರು ಹೊತ್ತುಕೊಂಡೇ ಬಂದರು. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಹಾಕಿದರೆ ಬೆಂಗಳೂರಿನಲ್ಲೇ ಪೆಟ್ಟಿಗೆ ಬಿಚ್ಚಿಸುತ್ತಾರೆ. ಉಪ್ಪಿನಕಾಯಿ ಮಾತ್ರ ಉಲ್ಟಾ, ಲಗೇಜಿಗೇ ಹಾಕಬೇಕು. ಎಣ್ಣೆ ತೇಲುವುದೆಲ್ಲ ವಿಮಾನದವರ ಲೆಕ್ಕದಲ್ಲಿ ದ್ರವ. ಟೂರ್ ಕಂಪನಿಯವರು ಉಡುಗೊರೆ ಅಂತ ಕೊಟ್ಟ ಕೆಂಪು ಚೀಲ ಮೂವತ್ತೆಂಟು ಜನಕ್ಕೂ ಒಂದೇ ಥರದ್ದು. ಪ್ಯಾರಿಸ್‌ನಲ್ಲಿ ಇಳಿದಾಗ ಬೆಲ್ಟಿನ ಮೇಲೆ ಮೂವತ್ತೆಂಟು ಕೆಂಪು ಚೀಲ ಸುತ್ತುತ್ತಿದ್ದವು. ನಾನು ನಮ್ಮದಕ್ಕೆ ಹಳೇ ಸೀರೆಯ ಹಸಿರು ಅಂಚು ಕಟ್ಟಿದ್ದೆ.

ಊಟ. "ರಾತ್ರಿ ಭಾರತೀಯ ಊಟ" ಅಂತ ಬರೆದಿದ್ದರೆ ಅದು ದೆಹಲಿ ಕಡೆಯ ಭಾರತ. ಪನೀರು, ಹಳದಿ ದಾಲ್, ಜೀರಾ ರೈಸ್, ನಾನ್. ಊರು ಬದಲಾದರೂ ಪನೀರು ಬದಲಾಗಲಿಲ್ಲ. ಆರನೇ ರಾತ್ರಿಯ ಹೊತ್ತಿಗೆ ಬಸ್ಸಿನಲ್ಲಿ ಮಾತಿಲ್ಲ, ಎಲ್ಲರ ಕಣ್ಣಲ್ಲೂ ಸಾರು. ನಾವು ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ ಒಯ್ದಿದ್ದೆವು. ಮಂಡಕ್ಕಿಯಂಥ ಪ್ರಯಾಣದ ತಿಂಡಿ ಇನ್ನೊಂದಿಲ್ಲ, ತೂಕವೇ ಇಲ್ಲ. ಆದರೆ ಚೀಲದ ಜಾಗವನ್ನೆಲ್ಲ ಅದೇ ತಿನ್ನುತ್ತೆ, ಗಾಳಿ ತೆಗೆದು ಕಟ್ಟಿಸಲು ಹೋದರೆ ಹಿಟ್ಟಾಗುತ್ತೆ (ಮಾಡಿ ನೋಡಿದ್ದೇನೆ). ಯೂರೋಪಿನ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ, ಹಾಗಾಗಿ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಹಸಿ ಸೊಪ್ಪು, ಮಾವಿನಕಾಯಿ, ವೀಳ್ಯದೆಲೆಯೂ ಬೇಡ. ಮೊಸರು ಅಲ್ಲೇ ಸಿಗುತ್ತೆ. ಸ್ವಿಟ್ಜರ್ಲೆಂಡಿನಲ್ಲಿ ಕೋಪ್, ಮಿಗ್ರೋಸ್ ಅನ್ನುವ ಅಂಗಡಿಗಳಲ್ಲಿ "ನೇಚರ್" ಅಂತ ಬರೆದ ಡಬ್ಬಿ ಹುಡುಕಿ, ಸಕ್ಕರೆ ಇರಲ್ಲ. ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ, ರೈಲು ನಿಲ್ದಾಣದ ಒಳಗಿನವು ಮಾತ್ರ ತೆರೆದಿರುತ್ತವೆ. ಜೀರಾ ರೈಸಿಗೆ ಆ ಮೊಸರು, ಮೇಲೆ ಚಟ್ನಿಪುಡಿ ಹಾಕಿ ಕಲಸಿದ ರಾತ್ರಿ ನಮ್ಮ ಮೇಜಿನ ಸುತ್ತ ಒಂಬತ್ತು ಜನ ನಿಂತಿದ್ದರು.

ಕಾಲು. ದಿನಕ್ಕೆ ಹನ್ನೆರಡು, ಹದಿನೈದು ಸಾವಿರ ಹೆಜ್ಜೆ, ಅದೂ ಕಲ್ಲುಹಾಸಿನ ಮೇಲೆ. ಬಸ್ಸು ಇಳಿಸುವುದು ಒಂದು ಕಡೆ, ನೋಡುವ ಜಾಗ ಇನ್ನೊಂದು ಕಡೆ. ಇಟಲಿಯ ಹಳೇ ಊರುಗಳೊಳಗೆ ದೊಡ್ಡ ಬಸ್ಸು ಹೋಗುವಂತಿಲ್ಲ. ಹೊಸ ಶೂ ಹಾಕಿಕೊಂಡು ಬಂದವರಿಗೆ ಪ್ಯಾರಿಸ್‌ನಲ್ಲೇ ಬೊಬ್ಬೆ. ನಾವಿಬ್ಬರೂ ಎರಡು ತಿಂಗಳು ಮೊದಲೇ ಶೂ ಕೊಂಡು ಕುಂದವಾಡ ಕೆರೆ ದಂಡೆಯ ಮೇಲೆ ದಿನಾ ಅದರಲ್ಲೇ ನಡೆದಿದ್ದೆವು. ಟೂರಿನ ತಯಾರಿಯಲ್ಲಿ ನಾನು ಮಾಡಿದ ಒಂದೇ ಒಂದು ಜಾಣತನದ ಕೆಲಸ ಅದು. ಸ್ವಿಟ್ಜರ್ಲೆಂಡಿನ ಟಿಟ್ಲಿಸ್ ಹಿಮಬೆಟ್ಟದ ಮೇಲಿನ ನಿಲ್ದಾಣ 3,020 ಮೀಟರು, ಕೇಬಲ್ ಕಾರು ತಾನೇ ಸುತ್ತುತ್ತ ಏರುತ್ತೆ. ಮೇಲೆ ಇಳಿದ ಕೂಡಲೇ ನಮ್ಮವರೆಲ್ಲ ಫೋಟೊ ಅಂತ ಓಡಿದರು, ಇಬ್ಬರು ತಲೆ ತಿರುಗಿ ಕೂತರು. ಮೊದಲ ಹತ್ತು ನಿಮಿಷ ಸುಮ್ಮನೆ ಕೂರಿ, ಹಿಮ ಎಲ್ಲೂ ಹೋಗಲ್ಲ. ರೈನ್ ಜಲಪಾತದ ಬಗ್ಗೆ ಹೆಚ್ಚು ಬರೆಯಲ್ಲ. 150 ಮೀಟರು ಅಗಲ, 23 ಮೀಟರು ಎತ್ತರ. ಜೋಗದ 253 ಮೀಟರು ನೋಡಿದ ನಮ್ಮ ಬಸ್ಸು ಗೌರವಕ್ಕೆ ಕೈ ಮುಗಿದು ಐಸ್‌ಕ್ರೀಂ ತಿಂದು ಬಂತು.

ವೆನಿಸ್‌ನಲ್ಲಿ ಗೊಂಡೊಲಾ ಅನ್ನುವ ಉದ್ದ ದೋಣಿಯ ಸವಾರಿ "ಆಪ್ಷನಲ್", ತಲೆಗೆ 35 ಯೂರೋ ಅಂತ ಬಸ್ಸಿನಲ್ಲೇ ಹೆಸರು ಬರೆಸಿಕೊಂಡರು. ದೋಣಿಗೆ ಆ ಊರಿನ ಆಡಳಿತ ಗೊತ್ತುಮಾಡಿದ ದರ ಇದೆ: ಹಗಲಲ್ಲಿ ಅರ್ಧ ಗಂಟೆಗೆ 90 ಯೂರೋ, ತಲೆಗಲ್ಲ, ದೋಣಿಗೆ, ಐದು ಜನರವರೆಗೆ. ಸಂಜೆ ಏಳರ ಮೇಲೆ 110. ಐವರು ಸೇರಿದರೆ ತಲೆಗೆ 18 ಬಿತ್ತು. ಬಿಡುವಿನ ಸಮಯದಲ್ಲಿ ನಾವು ಐವರು ಹಾಗೇ ಹೋಗಿಬಂದೆವು, ಆಮೇಲೆ ಬಸ್ಸಿನಲ್ಲಿ ಬಾಯಿ ಬಿಡಬಾರದಿತ್ತು, ನಾದಿನಿ ಬಿಟ್ಟಳು. ಎಲ್ಲ ಆಪ್ಷನಲ್ಲೂ ಹೀಗಲ್ಲ. ಕೆಲವಕ್ಕೆ ಬಸ್ಸೇ ಬೇಕು, ನೀವು ಹೋಗದಿದ್ದರೆ ಆ ಎರಡು ಗಂಟೆ ಎಲ್ಲೋ ಪಾರ್ಕಿಂಗಿನಲ್ಲಿ ಕೂರಬೇಕು. "ನಾನು ಬರದಿದ್ದರೆ ಆ ಹೊತ್ತಿನಲ್ಲಿ ಎಲ್ಲಿರ್ತೀನಿ?" ಅನ್ನುವುದೊಂದು ಪ್ರಶ್ನೆ ಕೇಳಿ ನಿರ್ಧರಿಸಿ.

ಬಸ್ಸಿನ ಮುಂದಿನ ಸೀಟಿಗಾಗಿ ಜಗಳ ಆಗೇ ಆಗುತ್ತೆ. ಮದುವೆ ದಿಬ್ಬಣದ ಬಸ್ಸಿನಲ್ಲಿ ಆಗುವಂಥದ್ದೇ, ವಯಸ್ಸಾದವರು ಯಾರು, ವಾಂತಿ ಯಾರಿಗೆ, ಗಂಡಿನ ಕಡೆಯವರು ಯಾರು. ದಿನಾ ಎರಡು ಸಾಲು ಹಿಂದೆ ಸರಿಯಬೇಕು ಅನ್ನುವ ನಿಯಮವನ್ನು ಟೂರ್ ಮ್ಯಾನೇಜರ್ ಮೊದಲ ದಿನವೇ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ ಹೇಳಿಸಿ. ನಮ್ಮವನು ನಾಲ್ಕನೇ ದಿನ ಹೇಳಿದ, ಅಷ್ಟರಲ್ಲಿ ಎರಡು ಪಕ್ಷ ಆಗಿತ್ತು.

ಕೊನೆಯ ದಿನ ರೋಮ್‌ನ ವಿಮಾನ ನಿಲ್ದಾಣದಲ್ಲಿ ಡ್ರೈವರಿಗೆ ಎಲ್ಲರೂ ಸೇರಿ ಟಿಪ್ಸ್ ಕೊಟ್ಟೆವು, ನಾನು ನಮ್ಮ ಪಾಲಿನ ಚಟ್ನಿಪುಡಿಯ ಪೊಟ್ಟಣವನ್ನೂ ಕೊಟ್ಟೆ. ಕೈಸನ್ನೆಯಲ್ಲಿ ಆ ಯಂತ್ರ ತೋರಿಸು ಅಂದೆ. ಅವನು ನಕ್ಕು, ಗುಂಡಿ ಒತ್ತಿ ಲುಸರ್ನ್ ದಿನದ ಚೀಟಿಯನ್ನೇ ಮುದ್ರಿಸಿಕೊಟ್ಟ. ನಮ್ಮ ಎಟಿಎಂ ಚೀಟಿಯಂಥ ಉದ್ದ ಪಟ್ಟಿ. ಸ್ಟೇರಿಂಗ್ ಚಿತ್ರ ಅಂದರೆ ಓಡಿಸಿದ ಹೊತ್ತು, ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ ಅಂದರೆ ಬೇರೆ ಕೆಲಸ, ಮಂಚ ಅಂದರೆ ವಿಶ್ರಾಂತಿ. ಹೊಸ ಥರದ ಪಾಸ್‌ಬುಕ್ ಅಷ್ಟೇ, ನನಗೆ ಓದಲು ಎರಡು ನಿಮಿಷ ಸಾಕಾಯಿತು. ಆ ಸಂಜೆಯ ಭಾಗದಲ್ಲಿ ಸುತ್ತಿಗೆ, ಸ್ಟೇರಿಂಗ್, ಸುತ್ತಿಗೆ, ಸ್ಟೇರಿಂಗ್ ಅಂತ ಪುಟ್ಟ ಪುಟ್ಟ ನಮೂದುಗಳು; ನಮ್ಮನ್ನು ಹುಡುಕಿಕೊಂಡು ಅವನು ಊರು ಸುತ್ತಿದ ಲೆಕ್ಕ. ಕೊನೆಗೆ ಮಂಚ. ಹುಬ್ಬಳ್ಳಿಯ ಸಾಹುಕಾರರೂ ಹಿಂದೆ ನಿಂತು ಬಗ್ಗಿ ನೋಡಿದರು. "ಅಂದ್ರ ನನ್ನ ಸೀಲ್ ಹೋಗಿದ್ದು ಇಲ್ಲೇ ಏನ್ರಿ" ಅಂತ ಒಂದು ಸಾಲಿನ ಮೇಲೆ ಬೆರಳಿಟ್ಟರು.

ಆ ಚೀಟಿ ನನ್ನ ಪಾಸ್‌ಪೋರ್ಟಿನ ಕವರಿನಲ್ಲಿದೆ. ಅದೂ ಶಾಖದಿಂದ ಅಚ್ಚಾಗುವ ಕಾಗದವೇ, ಅಕ್ಷರ ಮಾಸುತ್ತಾ ಬಂದಿದೆ. ನಾಳೆ ಹೋಗಿ ಒಂದು ಜೆರಾಕ್ಸ್ ಮಾಡಿಸಬೇಕು.